ಹೊಟ್ಟೆಯೊಳಗಿನ ಕಾವಲು

ನವೆಂಬರ್ 5, ಬುಧವಾರ, ಸೋನ್ಯಾಳ

ಸಾಂಗ್ಲಿಯ ಆಸ್ಪತ್ರೆಯವರು ಕೊಟ್ಟ ಈ ವಹಿಯ ಮುಂದಿನ ಹಾಳೆಗಳು ಅಪ್ಪನ ನೀರಿಗೆ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ನೀರು ತಿಳಿಯಾಗಿತ್ತೋ ಇಲ್ಲವೋ, ತೂಕ, ಬಿಪಿ, ಎಲ್ಲ ಮರಾಠಿಯಲ್ಲಿ. ಹಿಂದಿನ ಹಾಳೆಗಳು ಖಾಲಿ ಇದ್ದವು, ನಾನು ತೆಗೆದುಕೊಂಡಿದ್ದೇನೆ. ಅಪ್ಪನಿಗೆ ಓದು ಬರುವುದಿಲ್ಲ. ಅವ್ವ ಕಲಿತದ್ದು ಮರಾಠಿ ಶಾಲೆಯಲ್ಲಿ, ಅದೂ ಮೂರನೆಯ ಇಯತ್ತೆವರೆಗೆ. ಕನ್ನಡದಲ್ಲಿ ಬರೆದರೆ ಕೀಲಿ ಹಾಕಿ ಇಟ್ಟಂತೆಯೇ.

ಅಪ್ಪನ ಎರಡೂ ಕಿಡ್ನಿ ನಿಂತಿವೆ. ಮೊದಲು ಯಂತ್ರಕ್ಕೆ ಹಾಕಿ ರಕ್ತ ತೊಳೆಯುತ್ತಿದ್ದರು. ಮೂರನೆಯ ಸಲ ಬಿಪಿ ಇಳಿದು ಅಲ್ಲೇ ಪ್ರಜ್ಞೆ ತಪ್ಪಿದ. ಇವರ ಹೃದಯ ಯಂತ್ರವನ್ನು ತಡೆಯುವುದಿಲ್ಲ ಅಂದರು ಡಾಕ್ಟರ್ ಮ್ಯಾಡಮ್. ಅದಕ್ಕೇ ಹೊಕ್ಕಳಿನ ಪಕ್ಕ ಮೆತ್ತನೆಯ ಒಂದು ನಳಿಕೆ ಕೂಡಿಸಿದ್ದಾರೆ. ದಿನಕ್ಕೆ ನಾಲ್ಕು ಸಲ ಎರಡು ಲೀಟರ್ ಸಕ್ಕರೆ ಬೆರೆತ ನೀರನ್ನು ಹೊಟ್ಟೆಯೊಳಗೆ ಬಿಡಬೇಕು. ಅದು ಕೆಲವು ತಾಸು ಅಲ್ಲಿದ್ದು ರಕ್ತದ ಹೊಲಸನ್ನು ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಖಾಲಿ ಪಿಶವಿಗೆ, ಅಂದರೆ ಚೀಲಕ್ಕೆ, ಇಳಿಸಿ ಹೊಸ ನೀರು ಬಿಡಬೇಕು. ಇದೆಲ್ಲ ಮನೆಯಲ್ಲೇ. ನಡುವಿನ ಹೊತ್ತಿನಲ್ಲಿ ಅಪ್ಪ ಎಲ್ಲಿಗೆ ಬೇಕಾದರೂ ಹೋಗಬಹುದು. ಅವನಿಗೆ ಎಲ್ಲಿಗೆ ಬೇಕಾದರೂ ಅಂದರೆ ಕುರಿಗಳ ಹಿಂದೆ.

ಇವತ್ತು ನಂದಾ ಸಿಸ್ಟರ್ ಮನೆ ನೋಡಲು ಬಂದಿದ್ದರು. ಅವರ ತವರು ಕರಜಗಿ, ಹಾಗಾಗಿ ನಮ್ಮ ಮಾತೇ ಆಡುತ್ತಾರೆ. ಕೋಣೆಯ ಫ್ಯಾನು, ಕಿಟಕಿ, ಪಿಶವಿ ತೂಗುಹಾಕುವ ಮೊಳೆ ಎಲ್ಲ ನೋಡಿದರು. ಆಮೇಲೆ ಅಪ್ಪನ ಎದುರು ಕುಳಿತರು.

"ಬಸಗೊಂಡಕಾಕಾ, ಹೊಟ್ಟಿ ಒಳಗಿನ ಪದರದಾಗ ಕಾವಲು ಇರ್ತೈತ್ರಿ. ಬಿಳೇ ಪೇಶಿ ಅಂತೀವಿ, ಬಿಳೇ ರಕ್ತಕಣ. ಹೊರಗಿನ ಜಂತು, ರೋಗಾಣು, ಒಳಗ ಹೊಕ್ಕರ ಹಿಡದು ನುಂಗ್ತಾವ. ಖರೆ ನೀರು ತೆಗದಾಗೊಮ್ಮಿ ಅವೂ ನೀರಿನ ಜೋಡಿ ಹೊರಗ ಬರ್ತಾವ. ಉಳದಾವೂ ಈ ಸಕ್ಕರಿ ನೀರಾಗ ಜರಾ ಮಂದ ಆಗ್ತಾವ."

"ಅಂದ್ರ ದಿನಾ ನಾಕ ಸಲ ನಾಯಿ ಹೊರಗ ಹಾಕಿ ಹಟ್ಟಿ ಬಾಗಲಾ ತೆಗದಂಗಾತಲ್ರಿ?"

"ಬರೋಬ್ಬರಿ. ಅದಕ ಬಾಗಲಾ ತೆಗದಾಗ ನಾಯಿ ಜಾಗಾದಾಗ ನೀವ ನಿಂದ್ರಬೇಕು. ಕೈ ತೊಳಕೊಂಡು, ಬಾಯಿ ಕಟಗೊಂಡು. ನಳಿಕಿ ಟೊಪಗಿ ತೆಗದ ಮ್ಯಾಲ ಉಸಿರು ಸುದ್ದಾ ಅದರ ಮ್ಯಾಲ ಬೀಳಬಾರದು."

ಹೊರಬಂದ ನೀರು ತಿಳಿಯಾಗಿದೆಯೇ ಎಂದು ನೋಡುವ ರೀತಿಯನ್ನೂ ಹೇಳಿಕೊಟ್ಟರು. ತುಂಬಿದ ಪಿಶವಿಯ ಕೆಳಗೆ ಅಚ್ಚಿನ ಹಾಳೆ ಇಡಬೇಕು. ಅಕ್ಷರ ಓದಲು ಬಂದರೆ ಸರಿ, ಮಸುಕಾಗಿದ್ದರೆ ಕೂಡಲೇ ಫೋನ್ ಮಾಡಬೇಕು. ಕೈಗೆ ಸಿಕ್ಕಿದ್ದು ನನ್ನ ಎಂ.ಎ. ಪ್ರಶ್ನೆಪತ್ರಿಕೆ. "ಯಾವುದಾದರೂ ಮೂರಕ್ಕೆ ಉತ್ತರಿಸಿ" ಎಂದು ಓದಿದೆ.

"ಇನ್ನೂ ಬರದಿಲ್ಲೇನ ನೀ?" ಅಂದ ಅಪ್ಪ.

ಸಿಸ್ಟರ್ ನಕ್ಕು ನನ್ನ ಫೋನಿನಲ್ಲಿ ತಮ್ಮ ನಂಬರ್ ಹಾಕಿಕೊಟ್ಟರು. ನಾನು ಏನಾದರೂ ಕೇಳುತ್ತೇನೆಂದು ಸ್ವಲ್ಪ ಹೊತ್ತು ಕಾದರು. ನಾನು ತಲೆ ಆಡಿಸಿದೆ.

ನವೆಂಬರ್ 8, ಶನಿವಾರ

ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹತ್ತು. ಜೋಡಿಸುವುದು, ಬಿಚ್ಚುವುದು ಅಪ್ಪನೇ. ಕುರಿಯ ಕಾಲಿನ ಮುಳ್ಳು ತೆಗೆದ ಕೈ ಅವು, ನಡುಗುವುದಿಲ್ಲ. ನಾನು ಬಾಗಿಲು ಹಾಕುತ್ತೇನೆ, ಫ್ಯಾನು ನಿಲ್ಲಿಸುತ್ತೇನೆ, ಅಕ್ಷರ ಓದುತ್ತೇನೆ.

ಪಿಶವಿಗಳ ಡಬ್ಬಿಗಳು ಮುಗಿಯುತ್ತಿವೆ ಎಂದು ಹೇಳಲು ಸಿಸ್ಟರಿಗೆ ಫೋನ್ ಹಚ್ಚಿದೆ. ಒಂದು ರಿಂಗಿಗೆ ಕತ್ತರಿಸಿ ಮೆಸೇಜ್ ಬರೆದೆ. ಉತ್ತರ ಬಂತು: "ಕನ್ನಡಾ ಭಾಳ ಚಲೋ ಬರೀತಿ. ಖರೆ ಹೊಟ್ಟಿ ಬ್ಯಾನಿ ಎದ್ದಾಗ ಮೆಸೇಜ್ ಬರಕೋತ ಕುಂದರಬ್ಯಾಡ."

ಸೋಮಲಿಂಗಕಾಕಾ ಅಪ್ಪನ ತಮ್ಮ. ಈಗ ಕುರಿಗಳೆಲ್ಲ ಅವನ ಮೇಲೆ. ಹಿತ್ತಲಿನಲ್ಲಿ ಅವನು ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಎಲ್ಲಾ ಪಾಸಾಗ್ಯಾಳ ಬಿಡ ವೈನಿ, ಮಾತೊಂದ ನಾಪಾಸ. ನೋಡಾಕ ಬಂದವ್ರು ಹುಡುಗಿ ಮೂಕಿ ಏನ್ರಿ ಅಂತ ಕೇಳಿ ಹ್ವಾದ್ರು."

ಅವರು ಕೇಳಿದ್ದು ನಿಜ. ನಾನೂ ಕೇಳಿಸಿಕೊಂಡಿದ್ದೆ.

ನವೆಂಬರ್ 13, ಗುರುವಾರ

ಇವತ್ತು ಒಂದು ಮೋಜಿನ ಕಳ್ಳತನ ಮಾಡಿದೆವು.

ಬೆಳಿಗ್ಗೆ ಕೋಡು ಮುರಿದ ಕುರಿ ಈದಿತು. ಮರಿ ಸತ್ತೇ ಹುಟ್ಟಿತು. ಕೆಚ್ಚಲು ತುಂಬಿ ಕುರಿ ಒದರುತ್ತಿತ್ತು. ಕಾಕಾ ಗಿಣ್ಣದ ಹಾಲನ್ನು ಒಂದು ಚರಿಗೆಯಲ್ಲಿ ಹಿಂಡಿ ತಂದ. ಅಪ್ಪ ಅದನ್ನೇ ನೋಡುತ್ತಿದ್ದ. ಹಾಲು, ಮೊಸರು, ಗಿಣ್ಣ ಯಾವುದನ್ನೂ ಮುಟ್ಟಬಾರದು ಎಂದು ಡಾಕ್ಟರ್ ಹೇಳಿದ್ದಾರೆ, ಕಿಡ್ನಿ ಇಲ್ಲದವರಿಗೆ ಅದರಲ್ಲಿಯ ರಂಜಕ ಹೊರಹೋಗುವುದಿಲ್ಲವಂತೆ. ಅವ್ವ ಆ ಪಥ್ಯವನ್ನು ವ್ರತದಂತೆ ನಡೆಸುತ್ತಾಳೆ.

ಅವ್ವ ನೀರಿಗೆ ಹೋದಾಗ ಅಪ್ಪ ನನ್ನನ್ನು ಹತ್ತಿರ ಕರೆದ.

"ಯವ್ವಾ ರೂಪಾಲಿ, ಹುಟ್ಟಿದ ಮರಿಗಿ ಗಿಣ್ಣ ಬೀಳಲಿಲ್ಲಂದ್ರ ಏನಾಗತೈತಿ?"

"ಉಳಿಯೂದಿಲ್ಲ."

"ಯಾಕ ಉಳಿಯೂದಿಲ್ಲ? ಅದರ ಮೈಯಾಗ ಇನ್ನಾ ಕಾವಲ ಇರೂದಿಲ್ಲ. ತಾಯಿ ಗಿಣ್ಣದಾಗ ಕೊಡತೈತಿ. ನನ್ನ ಕಾವಲಾ ದಿನಾ ನಾಕ ಸಲ ಮೋರಿಗಿ ಹೊಂಟೈತಿ. ನಾನೂ ಈಗ ಹುಟ್ಟಿದ ಮರೀನ ಅಲ್ಲೇನ?"

ಐವತ್ತಾರು ವರ್ಷ ಕುರಿಗಳ ಜೊತೆ ಇದ್ದವನ ಮಾತು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಕಾಕಾನ ಒಲೆಯ ಮೇಲೆ ಬೆಲ್ಲ ಹಾಕಿ ಗಿಣ್ಣ ಕಾಸಿದೆ. ಗಟ್ಟಿಯಾಗಿ ಚೆನ್ನಾಗಿ ಬಂತು. ಸಂಜೆ ಆರಕ್ಕೆ ಬಾಗಿಲು ಹಾಕಿಕೊಳ್ಳುವ ಹೊತ್ತೇ ಸರಿ ಎಂದು ಒಂದು ವಾಟಿ, ಸಣ್ಣ ಬಟ್ಟಲು, ತುಂಬಿ ಸೆರಗಿನಲ್ಲಿ ಮುಚ್ಚಿ ಒಳಗೆ ಹೋದೆ. ಅಪ್ಪ ಆಗಲೇ ನಳಿಕೆಯ ಟೊಪಗಿ ತೆಗೆದು ಪಿಶವಿಗೆ ಜೋಡಿಸುವುದರಲ್ಲಿದ್ದ. ಅಷ್ಟರಲ್ಲಿ ಹೊರಗಿನಿಂದ ಅವ್ವ, "ಬೆಲ್ಲದ ವಾಸನಿ ಎಲ್ಲಿದಾ? ಏನ ನಡದೈತಿ ಒಳಗ?" ಅಂದಳು. ಏನಾದರೂ ಹೇಳು ಎಂದು ಅಪ್ಪ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ನಾನು ಅವನ ಹೆಗಲ ಮೇಲಿಂದ ಬಾಗಿ ವಾಟಿಯನ್ನು ಗೋಡೆಯ ಗೂಡಿನಲ್ಲಿ ಇಡುತ್ತಲೇ, ಮಾಸ್ಕನ್ನು ಗದ್ದಕ್ಕೆ ಎಳೆದು, "ಏನಿಲ್ಲಬೇ, ಕಾಕಾನ ಮನ್ಯಾಗ ಚಹಾಕ್ಕ ಬೆಲ್ಲಾ ಹಾಕ್ಯಾರ!" ಎಂದು ಕೂಗಿದೆ.

ಅಷ್ಟು ಜೋರಾಗಿ ಮಾತಾಡಿ ಎಷ್ಟೋ ದಿನ ಆಗಿತ್ತು. ಸುಳ್ಳೂ ಸಲೀಸಾಗಿ ಬಂತು. ಅಪ್ಪ ಪೂರ್ತಿ ವಾಟಿ ತಿಂದ. ಬೆರಳು ನೆಕ್ಕಿದ.

ನವೆಂಬರ್ 15, ಶನಿವಾರ

ಬೆಳಗಿನ ನೀರು ತಿಳಿಯಾಗಿರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು. ದಪ್ಪ ಅಕ್ಷರ ಕಂಡವು, ಸಣ್ಣವು ಕಾಣಲಿಲ್ಲ. ಪಿಶವಿಯನ್ನು ಕಿಟಕಿಗೆ ಹಿಡಿದು ನೋಡಿದೆ, ಅಲುಗಿಸಿ ನೋಡಿದೆ.

"ಗಿಣ್ಣ ಇಳದೈತಿ ಬಿಡು," ಅಂದ ಅಪ್ಪ. "ನಿನ್ನೀನೂ ಉಳದದ್ದ ತಿಂದೀನಿ. ಹೊಟ್ಟ್ಯಾಗ ಹೋದದ್ದ ಹೊಟ್ಟ್ಯಾಗಿಂದ ಬರತೈತಿ."

"ಫೋನ್ ಮಾಡ್ಲಿ?"

"ಮಾಡಿದ್ರ ಏನ ತಿಂದ್ರಿ ಅಂತಾರ. ನಿಮ್ಮವ್ವ ಇಬ್ಬರನ್ನೂ ಹಟ್ಟ್ಯಾಗ ಕಟ್ಟತಾಳ. ನಾಳಿಗಿ ತಿಳಿ ಆಗತೈತಿ."

ಮುಂದಿನ ಹಾಳೆಯಲ್ಲಿ "ತಿಳಿ" ಎಂದು ಬರೆದೆ. ಹನ್ನೆರಡರ ನೀರಿಗೂ ಅದನ್ನೇ ಬರೆದೆ. ಸಂಜೆ ಪ್ರಶ್ನೆಪತ್ರಿಕೆ ಇಡಲಿಲ್ಲ.

ನವೆಂಬರ್ 16, ಭಾನುವಾರ, ಸಾಂಗ್ಲಿ

ಬೆಳಿಗ್ಗೆ ಅಪ್ಪ ಮೊಣಕಾಲನ್ನು ಎದೆಗೆ ಎಳೆದುಕೊಂಡು ಗೋಡೆಗೆ ತಿರುಗಿ ಮಲಗಿದ್ದ. ಮೈ ಸುಡುತ್ತಿತ್ತು. ಹೊಟ್ಟೆ ಮುಟ್ಟಿ ಕೈ ತೆಗೆದಾಗ ಕೂಗಿದ. ಪಿಶವಿಗೆ ಬಂದದ್ದು ಮಜ್ಜಿಗೆಯಂಥ ನೀರು.

ಸಿಸ್ಟರಿಗೆ ಫೋನ್ ಮಾಡಿದೆ. "ನೀರು ರಾಡಿ, ಗಢೂಳ ಆಗೈತ್ರಿ, ನಿನ್ನಿ ಬೆಳಿಗ್ಗಿಯಿಂದ. ಜ್ವರ ಐತಿ, ಹೊಟ್ಟಿ ಕಲ್ಲಾಗೈತಿ" ಅಂದೆ.

"ನಿನ್ನಿಯಿಂದನಾ?" ಅಂದರು ಸಿಸ್ಟರ್. "ಆ ಪಿಶವಿ ಚೆಲ್ಲಬ್ಯಾಡ, ಜೋಡಿ ತೊಗೊಂಡು ಬಾ. ಈಗ ಹೊರಡು."

ಕಾಕಾ ಎಂಟರ ಬಸ್ಸಿಗೆ ಹೋದರಾಯಿತು ಅಂದ. "ಎಂಟಕ್ಕಲ್ಲ, ಈಗ. ಜೀಪ ತರತೀಯೋ ನಾನ ಹೋಗಿ ತರ್ಲೋ?" ಅಂದೆ. ಅವನು ಚಪ್ಪಲಿಯನ್ನೂ ಹಾಕದೆ ಹೋದ. ಜೀಪು ಜತ್ತ ಊರು ದಾಟುವವರೆಗೂ ಅಪ್ಪ ನರಳುತ್ತಿದ್ದ, ಆಮೇಲೆ ಸುಮ್ಮನಾದ. ಪಿಶವಿ ನನ್ನ ತೊಡೆಯ ಮೇಲೆ ಬೆಚ್ಚಗಿತ್ತು.

ಡಾಕ್ಟರ್ ಮ್ಯಾಡಮ್ ಮೊದಲು ವಹಿ ತೆರೆದರು. ಶನಿವಾರದ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ತಿಳಿ ಅಂತ ಇದೆಯಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ಆ ಪದವನ್ನು ಹೊಡೆದುಹಾಕಿ ಮೇಲೆ "ಗಢೂಳ" ಎಂದು ಬರೆದುಕೊಟ್ಟೆ. ಗಿಣ್ಣದ ಸಂಗತಿಯನ್ನೂ ಹೇಳಿದೆ. ಅವ್ವ ಅಲ್ಲೇ ಇದ್ದಳು.

ನವೆಂಬರ್ 17, ಸೋಮವಾರ

ಸಾಸಿವೆ ಕಾಳಿನಷ್ಟು ನೀರಿನಲ್ಲಿ ನೂರಕ್ಕಿಂತ ಹೆಚ್ಚು ಬಿಳಿ ಪೇಶಿ ಇರಬಾರದಂತೆ. ಅಪ್ಪನದು ಮೂರು ಸಾವಿರದ ಎಂಟುನೂರು. ಪಿಶವಿಯ ಹೊಸ ನೀರಿಗೇ ಔಷಧ ಸೇರಿಸಿ ಹೊಟ್ಟೆಯೊಳಗೆ ಬಿಡುತ್ತಿದ್ದಾರೆ.

ಮ್ಯಾಡಮ್ ನಿಧಾನವಾಗಿ ಮಾತಾಡುತ್ತಾರೆ, ನಾನು ಅಪ್ಪನಿಗೆ ಕನ್ನಡ ಮಾಡಿ ಹೇಳುತ್ತೇನೆ. ನೀರನ್ನು ಗಢೂಳ ಮಾಡಿದ್ದು ಗಿಣ್ಣವಲ್ಲ. ಜಂತುಗಳೂ ಅಲ್ಲ, ಅವು ಕಣ್ಣಿಗೆ ಕಾಣುವುದಿಲ್ಲ. ಆ ಬಿಳಿ ಅಪ್ಪನದೇ. ಒಳಗಿದ್ದ ಕಾವಲು ಕೂಗಿ ಕರೆದಾಗ ರಕ್ತದಿಂದ ಸಾವಿರಗಟ್ಟಲೆ ಪೇಶಿಗಳು ಹೊಟ್ಟೆಗೆ ನುಗ್ಗಿ ಬಂದಿವೆ.

"ಅಂದ್ರ ನನ್ನ ನಾಯಿ ಬೊಗಳ್ಯಾವು," ಅಂದ ಅಪ್ಪ. ಎರಡು ದಿನದಲ್ಲಿ ಅವನ ಮೊದಲ ಮಾತು. "ನಾವ ಮಲಕೊಂಡಿದ್ವಿ."

ಗಿಣ್ಣದ ಬಗ್ಗೆಯೂ ಕೇಳಲು ಹೇಳಿದ. ಮರಿಯ ಕರುಳು ಮೊದಲ ಒಂದು ದಿನ ಮಾತ್ರ ಆ ಕಾವಲನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಬರೀ ಆಹಾರ ಅಂದರು ಮ್ಯಾಡಮ್.

"ಹಂಗಾರ ನಾ ಐವತ್ತಾರ ವರ್ಸ ತಡಾ ಮಾಡೀನಿ."

ಅದನ್ನು ಮರಾಠಿ ಮಾಡಿ ಹೇಳಿದೆ. ಮ್ಯಾಡಮ್ ನಕ್ಕರು. ಆಮೇಲೆ ನನ್ನೊಬ್ಬಳನ್ನೇ ಹೊರಗೆ ಕರೆದರು. ಐದನೆಯ ದಿನ, ಅಂದರೆ ಗುರುವಾರ, ನೀರು ತಿಳಿಯಾಗಿ ಎಣಿಕೆ ನೂರರ ಹತ್ತಿರ ಬರದಿದ್ದರೆ ನಳಿಕೆ ತೆಗೆಯಬೇಕು. ಜಂತುಗಳು ನಳಿಕೆಗೇ ಅಂಟಿ ಕೂತಿವೆ ಎಂದು ಅದರ ಅರ್ಥ. ನಳಿಕೆ ತೆಗೆದರೆ ಯಂತ್ರ. ಯಂತ್ರವನ್ನು ಈ ಹೃದಯ ಎಷ್ಟು ದಿನ ತಡೆಯುತ್ತದೆ ಎಂದು ಕೇಳಿದೆ. "ನೋಡೋಣ" ಅಂದರು. ಮತ್ತೆ ಕೇಳಿದೆ. "ಹೆಚ್ಚು ದಿನ ಇಲ್ಲ" ಅಂದರು.

ಇದನ್ನು ಅಪ್ಪನಿಗೆ ಕನ್ನಡ ಮಾಡಲಿಲ್ಲ.

ನವೆಂಬರ್ 18, ಮಂಗಳವಾರ

ಸಾವಿರದ ಇನ್ನೂರು. ಮೂರನೆಯ ದಿನಕ್ಕೆ ಸಾವಿರದೊಳಗೆ ಬರಬೇಕಿತ್ತಂತೆ.

ನವೆಂಬರ್ 19, ಬುಧವಾರ

ಜಂತು ಯಾವುದೆಂದು ಗೊತ್ತಾಯಿತು. ಬಾಯಲ್ಲಿರುವ ಜಾತಿಯದು. ಎಲ್ಲರ ಬಾಯಲ್ಲೂ ಇರುತ್ತದೆ, ಅಲ್ಲಿ ಏನೂ ಮಾಡುವುದಿಲ್ಲ.

"ಜೋಡಿಸುವಾಗ ಯಾರಾದರೂ ಮಾಸ್ಕ್ ಇಲ್ಲದೆ ಮಾತಾಡಿದ್ದರಾ? ಕೆಮ್ಮಿದ್ದರಾ?" ಎಂದು ಕೇಳಿದರು ಮ್ಯಾಡಮ್.

ನಾನು ಅದನ್ನು ಕನ್ನಡ ಮಾಡುವ ಮೊದಲೇ ಅಪ್ಪ ಹೇಳಿದ, "ನಾನ ರೀ. ಕೆಮ್ಮ ಬಂದಿತ್ತು. ಬಾಯಿ ಕಟ್ಟಿರಲಿಲ್ಲ."

ಅಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಸಂತೆಯಲ್ಲಿ ಕುರಿ ಮಾರಿದವನು. ಅದು ನನಗೆ ಗೊತ್ತೇ ಇತ್ತು, ಡಾಕ್ಟರರ ಮರಾಠಿ ತಿಳಿಯಲಿಕ್ಕಿಲ್ಲ ಅಂದುಕೊಂಡಿದ್ದೆ ಅಷ್ಟೆ. ಮೂರು ದಿನದಿಂದ ನಾನು ಕನ್ನಡ ಮಾಡಿದ್ದನ್ನೆಲ್ಲ ಅವನು ಸುಮ್ಮನೆ ಕೇಳಿದ್ದಾನೆ. ಸೋಮವಾರ ಬಾಗಿಲ ಹೊರಗೆ ನಾವು ಆಡಿದ್ದನ್ನೂ ಕೇಳಿರಬೇಕು.

ಮ್ಯಾಡಮ್ ಬರೆದುಕೊಂಡು ಮುಂದಿನ ಹಾಸಿಗೆಗಳ ಕಡೆ ಹೋದರು. ಅವ್ವ ಅಪ್ಪನ ಕಾಲು ಒತ್ತುತ್ತಿದ್ದಳು. ನಾನು ನಾಲ್ಕು ಹಾಸಿಗೆ ದಾಟಿ ಹೋಗಿ ಮ್ಯಾಡಮ್ ಹಿಂದೆ ನಿಂತೆ. ವಾರ್ಡಿನಲ್ಲಿ ಹನ್ನೆರಡು ಮಂದಿ ಇದ್ದರು, ಬಂದವರು ಬೇರೆ.

"ಅವರಲ್ಲ. ನಾನು," ಅಂದೆ. "ಗುರುವಾರ ಸಂಜೆ. ಟೊಪಗಿ ತೆಗೆದಿತ್ತು. ನಾನು ಮಾಸ್ಕ್ ಕೆಳಗೆ ಎಳೆದು ಅದರ ಮೇಲೆ ಬಾಗಿ ಕೂಗಿದೆ. ಅಮ್ಮನಿಗೆ ಸುಳ್ಳು ಹೇಳಲು."

ಮ್ಯಾಡಮ್ ಪೆನ್ನು ಎತ್ತಿ ನನ್ನನ್ನು ನೋಡಿದರು. "ಬರೆದದ್ದನ್ನು ತಿದ್ದಬೇಕಾಯಿತು," ಅಂದರು. ತಿದ್ದಿದರು. ಈ ಜಂತಿಗೆ ಹೊಂದುವ ಔಷಧ ಬೇರೆ ಇದೆ, ಇವತ್ತಿನಿಂದ ಅದನ್ನು ಕೊಡುತ್ತೇವೆ ಅಂದರು. ನೀರನ್ನು ಆರು ತಾಸು ಒಳಗೇ ಬಿಡಬೇಕು. ಔಷಧಕ್ಕೂ ಹೊತ್ತು ಬೇಕು, ಪೇಶಿಗಳಿಗೂ ಕೆಲಸ ಮಾಡಲು ಹೊತ್ತು ಬೇಕು. ಮೇಲಿಂದ ಮೇಲೆ ತೆಗೆದರೆ ಅವೂ ಹೋಗುತ್ತವೆ.

ಹಿಂದೆ ಬಂದಾಗ ಅವ್ವ ಕೇಳಿದಳು, "ಅವತ್ತ ಬೆಲ್ಲಾ ಅಂದ್ಯಲ್ಲ, ಅವಾಗೇನ?"

"ಹೂಂ."

"ನಾ ಕರೀಲಾರದ ಇದ್ದಿದ್ರ..." ಅಂದು ನಿಲ್ಲಿಸಿದಳು.

"ಇಬ್ಬರೂ ಸುಮ್ನ ಕೂಡ್ರಿ," ಅಂದ ಅಪ್ಪ. "ಗಿಣ್ಣ ಬೇಡಿದಾಂವ ನಾನು. ಇದರಾಗ ಪಾಲ ಕೇಳಾಕ ಬರಬ್ಯಾಡ್ರಿ."

ನನ್ನ ಕಡೆ ತಿರುಗಿ, "ನೀ ಯಾಕ ಓಡಿ ಹೋಗಿ ಹೇಳಿದಿ? ಮಂದಿ ಎಲ್ಲಾ ನೋಡಾಕತ್ತಿದ್ರು."

"ಔಷಧ ತಪ್ಪಾದ್ರ?"

ಅಪ್ಪ ಚಾದರ ಎಳೆದುಕೊಂಡ. "ಹೂಂ, ಬರೋಬ್ಬರಿ" ಅಂದ.

ನವೆಂಬರ್ 20, ಗುರುವಾರ

ಹನ್ನೊಂದಕ್ಕೆ ನೀರು ಲ್ಯಾಬಿಗೆ ಹೋಯಿತು. ಒಂದಕ್ಕೆ ಬರಬೇಕಿದ್ದ ಎಣಿಕೆ ಮೂರಾದರೂ ಬರಲಿಲ್ಲ. ಎರಡು ಸಲ ಕಿಟಕಿಗೆ ಹೋಗಿ ಕೇಳಿದೆ. ಮೂರನೆಯ ಸಲ ಅಲ್ಲೇ ನಿಂತೆ. ಒಳಗಿದ್ದವನು, "ಅಕ್ಕಾ, ಹೋಗಿ ಕುಂತುಕೊಳ್ಳಿ" ಅಂದ. "ಬರೆದುಕೊಡಿ, ಹೋಗುತ್ತೇನೆ" ಅಂದೆ.

ನೂರಾ ನಲವತ್ತು.

ನೂರಲ್ಲ. ಮ್ಯಾಡಮ್ ಚೀಟಿ ನೋಡಿದರು, ಪಿಶವಿಯನ್ನು ಬೆಳಕಿಗೆ ಹಿಡಿದು ನೋಡಿದರು, ಅಪ್ಪನ ಹೊಟ್ಟೆ ಒತ್ತಿದರು. ಅಪ್ಪ ಕೂಗಲಿಲ್ಲ. "ಇಳಿಯುವ ರೀತಿ ಸರಿಯಾಗಿದೆ. ಇನ್ನೊಂದು ದಿನ ನೋಡೋಣ," ಅಂದರು.

ನವೆಂಬರ್ 21, ಶುಕ್ರವಾರ

ಅರವತ್ತು. ನಳಿಕೆ ಇರುತ್ತದೆ. ಅವ್ವ ಪಾವಟಿಗೆಯ ಮೇಲೆ ಕುಳಿತು ಅತ್ತಳು. ನಾನು ಕ್ಯಾಂಟೀನಿಗೆ ಹೋಗಿ ಎರಡು ವಡಾಪಾವ್ ತಿಂದೆ.

ಮನೆಯಲ್ಲಿ ಇನ್ನೂ ಎರಡು ವಾರ ದಿನಕ್ಕೊಂದು ಪಿಶವಿಗೆ ಔಷಧ ಸೇರಿಸಬೇಕು. ಅಪ್ಪನ ಕೈ ಈಗ ನಡುಗುತ್ತಿದೆ, ಜ್ವರದ ನಿಶ್ಯಕ್ತಿ. ನಂದಾ ಸಿಸ್ಟರ್ ಕೇಳಿದರು, "ಜೋಡಿಸೂದು ಯಾರು ಕಲೀತೀರಿ?"

ಅವ್ವ ಹಿಂದೆ ಸರಿದಳು. "ನನಗ ಅಂಜಿಕಿ ಬರತೈತ್ರಿ."

"ನಾ ಕಲೀತೀನಿ," ಅಂದೆ.

ಅವ್ವ ನನ್ನನ್ನು ನೋಡಿ ಸಿಸ್ಟರನ್ನು ನೋಡಿದಳು. ಅವಳ ಮನಸ್ಸಿನಲ್ಲಿದ್ದದ್ದು ತಪ್ಪಲ್ಲ. ಸಿಸ್ಟರ್ ಅಪ್ಪನನ್ನು ಕೇಳಿದರು, "ಕಾಕಾ, ನೀವೇನಂತೀರಿ? ಹೊಟ್ಟಿ ನಿಮ್ಮದು."

"ತೋಳಾ ಒಮ್ಮಿ ಕಂಡ ನಾಯೀನ ಚಲೋ ಕಾಯ್ತೈತಿ," ಅಂದ ಅಪ್ಪ.

"ನಾಯಿ ಅಂದ್ರು ನೋಡ ನಿನಗ," ಎಂದು ನಕ್ಕರು ಸಿಸ್ಟರ್.

ರಬ್ಬರಿನ ಬೊಂಬೆಯ ಹೊಟ್ಟೆಯ ಮೇಲೆ ಇಪ್ಪತ್ತು ಸಲ ಜೋಡಿಸಿ ತೋರಿಸಿದೆ. ಏಳನೆಯ ಸಲ ತುದಿ ನನ್ನ ಬೆರಳಿಗೆ ತಾಕಿತು. ಅವರು ನೋಡಿರಲಿಲ್ಲ. "ತಾಕಿತ್ರಿ" ಎಂದು ಹೇಳಿ ಮೊದಲಿನಿಂದ ಶುರುಮಾಡಿದೆ.

ನವೆಂಬರ್ 24, ಸೋಮವಾರ, ಸೋನ್ಯಾಳ

ನಿನ್ನೆ ಮನೆಗೆ ಬಂದೆವು. ಔಷಧದ ಪಿಶವಿಯನ್ನು ಇವತ್ತು ಮೊದಲ ಸಲ ನಾನೇ ಜೋಡಿಸಿದೆ. ಆರಕ್ಕೆ ಶುರುಮಾಡಿ ಆರೂ ನಲವತ್ತಕ್ಕೆ ಮುಗಿಯಿತು. ಹೊರಬಂದದ್ದು ಎರಡು ಸಾವಿರದ ನೂರಾ ಐವತ್ತು ಮಿಲಿ. ತಿಳಿ.

ಭಾರ ಎತ್ತದಿದ್ದರೆ ನಡೆದಾಡಬಹುದು ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ಅದನ್ನು ಕೇಳಲು ನಾನೇ ಹಚ್ಚಿದ್ದೆ. ಅಪ್ಪ ಅಂಗಿ ತೊಟ್ಟು, ಹೊಟ್ಟೆಯ ಮೇಲಿನ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಕಂಬಳಿ ಹೆಗಲಿಗೆ ಹಾಕಿ, ಕಾಕಾನ ಕೈಯಿಂದ ಕೋಲು ತೆಗೆದುಕೊಂಡ. ಎಷ್ಟೋ ವಾರಗಳ ಮೇಲೆ ಕುರಿಗಳ ಹಿಂದೆ ಹೊರಟ. ಅವ್ವ ಬೇಡ ಅನ್ನಲಿಲ್ಲ, ರೊಟ್ಟಿ ಕಟ್ಟಿಕೊಟ್ಟಳು.

ಅವನು ಓಣಿಯ ಕೊನೆ ದಾಟಿ ಬಾರಿಹಣ್ಣಿನ ಗಿಡದ ಹತ್ತಿರ ಹೋಗಿದ್ದ. ಗಡಿಯಾರ ಒಯ್ದಿಲ್ಲ ಎಂದು ಆಗ ನೆನಪಾಯಿತು. ಕಟ್ಟೆಯ ಮೇಲೆ ಹತ್ತಿ ಕೂಗಿದೆ.

"ಅಪ್ಪಾ! ಹನ್ನೆರಡಕ್ಕ ಮನ್ಯಾಗ ಇರಬೇಕು! ಒಂದ ನಿಮಿಷ ತಡಾ ಆದ್ರ ನಾನ ಬರತೀನಿ ಕರಿಯಾಕ!"

ಓಣಿಯವರು ಬಾಗಿಲಿಗೆ ಬಂದು ನೋಡಿದರು. ಕುರಿಗಳು ಬೆದರಿ ಒಂದು ಕಡೆ ಸರಿದವು. ಕಾಕಾ, "ಮೆಲ್ಲಕ ಒದರ, ಕುರಿ ಚದರ್ತಾವ" ಎಂದು ಬೈದ. ಅಪ್ಪ ತಿರುಗಿ ನೋಡದೆ ಕೋಲು ಎತ್ತಿದ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಂದ. ಕಾಲು ತೊಳೆದು ಕೋಣೆಗೆ ಹೋಗಿ ಕುಳಿತಿದ್ದಾನೆ. ಕೈ ತೊಳೆದುಕೊಳ್ಳಬೇಕು, ಉಳಿದದ್ದನ್ನು ನಾಳೆ ಬರೆಯುತ್ತೇನೆ.